ಯುದ್ಧಕ್ಕೆಂದು ಹಾಕಿದ ಉಪ್ಪುಸೊಳೆ

ಮೊನ್ನೆ ಕೋಪರಖೈರಣೆಯ ಪರಿಚಿತರ ಮನೆಯಲ್ಲಿ ಊಟಕ್ಕೆ ಕೂತಿದ್ದೆ. ಅಡುಗೆಮನೆಯಿಂದ ಆ ವಾಸನೆ ಬಂತು. ತಿಂಗಳುಗಟ್ಟಲೆ ಉಪ್ಪುನೀರಿನಲ್ಲಿ ನೆನೆದ ಹಲಸಿನ ಸೊಳೆಯ ವಾಸನೆ. ಹುಳಿಹುಳಿ, ಮೂಗಿಗೆ ಬಡಿಯುವಂಥದ್ದು, ನಾಟ್ ಅಟ್ ಆಲ್ ಪೊಲೈಟ್. ನಿಮ್ಮ ಮನೆಯಲ್ಲೂ ಒಂದು ಕಾಲಕ್ಕೆ ಇಂಥದ್ದೊಂದು ಇದ್ದಿರಬೇಕು.

ನೌಪಾಡಾದ ನಮ್ಮ ಎರಡು ಕೋಣೆಯ ಮನೆಯಲ್ಲಿ ಅಮ್ಮ ಪ್ರತಿ ಬೇಸಿಗೆಯಲ್ಲೂ ಭರಣಿ ತುಂಬಾ ಸೊಳೆ ಹಾಕುತ್ತಿದ್ದರು, ಬಿಟ್ಟುಬಂದ ಊರು ಉಡುಪಿಯಲ್ಲಿ ಮಳೆಗಾಲಕ್ಕೆಂದು ಹಾಕುತ್ತಿದ್ದಂತೆಯೇ. ದೊಡ್ಡ ದೇಶಗಳೆರಡು ಬಾಂಬು ಹಿಡಿದು ನಿಂತಿವೆಯೆಂದು ರೇಡಿಯೋ ಹೆದರಿಸುತ್ತಿದ್ದ ಕಾಲ. ನಾನು ಅತ್ತರೆ ಅಕ್ಕ ನನ್ನನ್ನು ಮೇಜಿನ ಕೆಳಗೆ ಎಳೆದು, ಭರಣಿಯ ಪಕ್ಕ ಕೂರಿಸಿಕೊಂಡು, ಈ ಸೊಳೆ ಮುಗಿಯುವ ತನಕ ಯಾರೂ ಸಾಯುವುದಿಲ್ಲ ಎನ್ನುತ್ತಿದ್ದಳು. ನಾನು ನಂಬುತ್ತಿದ್ದೆ. ಮುಂದೆ ನನ್ನನ್ನು ಕಾನ್ವೆಂಟಿಗೆ ಹಾಕಿದರು, ಅಕ್ಕ ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಅಡುಗೆಮನೆ ಸೇರಿದಳು. ನನ್ನ ಕರ್ಸಿವ್ ರೈಟಿಂಗ್ ಪುಸ್ತಕಕ್ಕೆ ಗೆರೆ ಹಾಕಿಕೊಡುತ್ತ, ತನಗೆ ಓದಲು ಬಾರದ ಆ ಇಂಗ್ಲಿಷ್ ಅಕ್ಷರಗಳನ್ನು ರಂಗೋಲಿ ನೋಡಿದ ಹಾಗೆ ನೋಡುತ್ತಿದ್ದಳು.

ವಯಸ್ಸಾದ ಮೇಲೆ ಡೊಂಬಿವಲಿಯ ಒಂದೇ ಸೊಸೈಟಿಯಲ್ಲಿ ಎದುರುಬದುರು ಫ್ಲಾಟುಗಳಲ್ಲಿದ್ದೆವು. ಎರಡು ಸಾವಿರದ ಹದಿನೇಳರ ಸುಮಾರಿಗೆ ಟಿವಿಯವರು ಮೂರನೇ ಮಹಾಯುದ್ಧವನ್ನು ಕ್ರಿಕೆಟ್ ಮ್ಯಾಚಿನಂತೆ ಕೂಗಿ ಮಾರುತ್ತಿದ್ದರು. ಟೈ ಕಟ್ಟಿದ ಆ ಗಂಟಲುಗಳನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಅಕ್ಕ ಹಲಸಿನಕಾಯಿ ತರಿಸಿ ಮೂರು ನೀಲಿ ಡ್ರಮ್ ಸೊಳೆ ಹಾಕಿದಳು. ಮನೆಯೊಳಗೆ ಜಾಗ ಸಾಲದೆ ಪ್ಯಾಸೇಜಿನಲ್ಲಿಟ್ಟಳು. ಅರ್ಧ ನಿನಗೆ ಎಂದಳು. ಮಳೆ ಹಿಡಿಯುವಷ್ಟರಲ್ಲಿ ಮೆಟ್ಟಿಲೆಲ್ಲ ನಾತ. ಕೆಳಗಿನ ಮನೆಯ ಮರಾಠಿ ಕಾಕೂ ಮೂಗಿಗೆ ಸೆರಗು ಹಿಡಿದು, ನಿಮ್ಮ ಜನ ಹೀಗೇ ಎಂದಾಗ ಆ 'ನಿಮ್ಮ'ದಲ್ಲಿ ನಾನೂ ಇದ್ದೆ. ಅದೇ ನನಗೆ ಚುಚ್ಚಿದ್ದು. ಕಂಪ್ಲೇಂಟನ್ನು ಒಳ್ಳೆಯ ಇಂಗ್ಲಿಷಿನಲ್ಲಿ ಬರೆದುಕೊಡಿ ಎಂದು ಸೆಕ್ರೆಟರಿ ಕೇಳಿದಾಗ ಬರೆದುಕೊಟ್ಟೆ. ನನ್ನ ಹೆಸರು ಹಾಕಲಿಲ್ಲ. ಅವರು ಟೈಪ್ ಮಾಡಿಸದೆ ನನ್ನ ಕೈಬರಹದ ಹಾಳೆಯನ್ನೇ ನೋಟಿಸ್ ಬೋರ್ಡಿಗೆ ಅಂಟಿಸಿದರು.

ಅಕ್ಕ ಬೋರ್ಡಿನ ಮುಂದೆ ನಿಂತು ನನ್ನನ್ನು ಕರೆದಳು.

"ಇದ್ರಲ್ಲಿ ಎಂತ ಬರ್ದದ್ದು ಅಂತ ನಂಗೆ ಗೊತ್ತಿಲ್ಲ. ಯಾರು ಬರ್ದದ್ದು ಅಂತ ಗೊತ್ತುಂಟು."

ತಪ್ಪಾಯಿತು ಎನ್ನಬಹುದಿತ್ತು. ನನ್ನ ನಾಲಿಗೆಗೆ ಬೆಂಕಿ ಹಾಕಬೇಕು. "ನಿನ್ನ ಯುದ್ಧ ಬರುದಿಲ್ಲ ಅಕ್ಕ, ವಾಸನೆ ಮಾತ್ರ ಬಂದದ್ದು" ಎಂದೆ.

"ಬಂತಲ್ಲ ಮಾರಾಯ್ತಿ, ಬಾಗಿಲಿಗೇ ಬಂತು."

ಆ ದಿನವೇ ಮೂರೂ ಡ್ರಮ್ಮುಗಳನ್ನು ಪಾತ್ರೆಪಾತ್ರೆಯಾಗಿ ಮೊಗೆದು ಗಟಾರಕ್ಕೆ ಸುರಿದಳು. ನಾನು ಬಾಗಿಲ ಕಣ್ಣಿನಿಂದ ನೋಡುತ್ತಿದ್ದೆ. ಮತ್ತೆರಡು ವರ್ಷ ನಮ್ಮಿಬ್ಬರ ಬಾಗಿಲುಗಳಿಗೆ ಹಾಲಿನ ಚೀಲಗಳು ಎದುರುಬದುರು ನೇತಾಡಿದವು, ಮಾತಿರಲಿಲ್ಲ. ಮಾತಿಲ್ಲದೆಯೇ ಅಕ್ಕ ತೀರಿಹೋದಳು. ಈಗ ಆ ಬಾಗಿಲಿಗೆ ಬೇರೆಯವರ ನೇಮ್‌ಪ್ಲೇಟ್.

ಕೋಪರಖೈರಣೆಯಲ್ಲಿ ಎರಡು ಸಲ ಸೊಳೆಯ ಪಲ್ಯ ಹಾಕಿಸಿಕೊಂಡೆ. ಉಪ್ಪು ಹೆಚ್ಚಾಯಿತಾ ಎಂದು ಮನೆಯಾಕೆ ಕೇಳಿದರು. ಇಲ್ಲ ಎಂದೆ. ಒಳಗೆ ಟಿವಿಯಲ್ಲಿ ಯಾರೋ ಮತ್ತೆ ಯಾವುದೋ ಎರಡು ದೇಶಗಳ ಕ್ಷಿಪಣಿಗಳನ್ನು ಎಣಿಸುತ್ತಿದ್ದ. ಯುದ್ಧ ಬಂದರೆ ಬರಲಿ. ಮೇಜಿನ ಕೆಳಗೆ ಎಳೆದುಕೊಳ್ಳುವವಳು ಇಲ್ಲ.