ಕಂಪ್ಯೂಟರ್ ನಂಬಿದ ದವಡೆ

ಅಕ್ಕನ ದವಡೆಯ ಬಗ್ಗೆ ಬರೆಯಲು ಕೂತಾಗಲೆಲ್ಲ ನನಗೆ ಮೊದಲು ಫೋಟೊ ಸ್ಟುಡಿಯೊ ನೆನಪಾಗುತ್ತದೆ. ನಿಜದಲ್ಲಿ ಅದು ಮೊದಲಲ್ಲ. ಅದಕ್ಕೂ ಮುಂಚೆ ಶಾಲೆ ಇತ್ತು. "ಎಂಥಾ ಮಳಿ ಬಂದ್ರೂ ಆಕಿ ಕೆಳಗಿನ ಹಲ್ಲು ತೋಯಂಗಿಲ್ಲಲೇ" ಎಂದು ಕೂಗುವ ಹುಡುಗರಿದ್ದರು. ಆದರೆ ನೆನಪು ತನಗೆ ಬೇಕಾದ ಕಡೆಯಿಂದ ಶುರುವಾಗುತ್ತದೆ. ಅದನ್ನು ತಡೆಯಲು ನನಗೆ ಬರುವುದಿಲ್ಲ, ನಂಬಲೂ ಬರುವುದಿಲ್ಲ.

ಕೊಟ್ಟೂರಿನ ಆ ಸ್ಟುಡಿಯೊಗೆ ಗಂಡಿನ ಕಡೆಯವರಿಗೆ ಕಳಿಸುವ ಫೋಟೊ ತೆಗೆಸಲು ಹೋಗಿದ್ದೆವು. ಮೇಲಿನ ಹಲ್ಲು ಮುಂದಕ್ಕೆ ಚಾಚಿದ್ದರಿಂದ ಅಕ್ಕನ ತುಟಿ ಕೂಡುತ್ತಿರಲಿಲ್ಲ. ಫೋಟೊದವನು ಕ್ಯಾಮೆರಾದ ಹಿಂದಿನಿಂದ ತಲೆ ಎತ್ತಿ, "ತಂಗೀ, ಗದ್ದ ಒಂಚೂರು ಮುಂದ ತಗಾ. ಹಾಂ, ಅಷ್ಟ. ತುಟಿ ಮುಚ್ಚು. ಈಗ ನೋಡ್ರಿ ಅಮ್ಮಾರ, ಎಷ್ಟ್ ಚೆಂದ ಕಾಣ್ತಾಳ!" ಎಂದ. ಅವ್ವ ನೋಡಿದಳು. ಕೆಳದವಡೆ ಮುಂದೆ ಬಂದು ಹಲ್ಲಿಗೆ ಹಲ್ಲು ತಾಗಿದ ಕೂಡಲೇ ಮುಖವೇ ಬೇರೆಯಾಗಿತ್ತು.

ಅವತ್ತಿನಿಂದ ಮನೆಯಲ್ಲಿ ಅದೇ ಪಾಠ. ಬಾಗಿಲಿಗೆ ಯಾರಾದರೂ ಬಂದರೆ ಅವ್ವ ಒಳಗಿನಿಂದ "ಗದ್ದ!" ಎನ್ನುವಳು, ಅಷ್ಟೇ. ಆಮೇಲೆ ಹೇಳುವುದೂ ಬೇಡವಾಯಿತು. ಯಾವಾಗಿನಿಂದ ಎಂದು ನನಗೆ ಗೊತ್ತಿಲ್ಲ. ಒಂದು ಮಧ್ಯಾಹ್ನ ಅಕ್ಕ ಒಬ್ಬಳೇ ಜೋಳ ಹಸನು ಮಾಡುತ್ತಿದ್ದಳು. ನೋಡುವವರು ಯಾರೂ ಇರಲಿಲ್ಲ, ಆದರೂ ದವಡೆ ಮುಂದಿಟ್ಟುಕೊಂಡೇ ಕೂತಿದ್ದಳು. ಹೆಣ್ಣು ನೋಡಲು ಬಂದವರ ಎದುರು ಎರಡು ಮಾತಾಡಿದರೆ ಹಲ್ಲು ಹೊರಬೀಳುತ್ತಿತ್ತು. ಸಂಜೆಗೆ ಕಿವಿಯ ಹತ್ತಿರ ನೋವು.

ಹಲ್ಲಿಗೆ ಕ್ಲಿಪ್ ಹಾಕಿಸಬೇಕೆಂದು ಹಟ ಹಿಡಿದವಳು ಅವಳೇ. "ಮದುವಿ ಆದ್ರ ಆಗಲಿ, ಬಿಟ್ರ ಬಿಡಲಿ. ಗದ್ದ ಬಿಟ್ಟು ಬಾಯಿ ಮುಚ್ಚಾಕ ಬರಬೇಕವ್ವ ನನಗ. ಅಷ್ಟ ಸಾಕು."

ಎರಡು ಸಾವಿರದ ಏಳೋ ಎಂಟೋ ಇರಬೇಕು. ಹರಪನಹಳ್ಳಿಯ ಒಂದು ದವಾಖಾನೆಗೆ ಹದಿನೈದು ದಿನಕ್ಕೊಮ್ಮೆ ದಾವಣಗೆರೆಯಿಂದ ಕ್ಲಿಪ್ ಡಾಕ್ಟರು ಬರುತ್ತಿದ್ದರು. ಅವರು ಇಲ್ಲದ ದಿನ ಅದೇ ದವಾಖಾನೆಯ ಹಲ್ಲಿನ ಡಾಕ್ಟರೇ ಅಕ್ಕನ ಹಲ್ಲಿನ ಅಚ್ಚು ತೆಗೆದುಕೊಂಡರು. ಕೊನೆಗೆ ಮೆತ್ತಗೆ ಮಾಡಿದ ಮೇಣದ ಪಟ್ಟಿಯನ್ನು ಹಲ್ಲಿನ ನಡುವೆ ಇಟ್ಟು, "ದಿನಾ ಹೆಂಗ್ ಕಚ್ತೀಯ, ಹಂಗ ಕಚ್ಚಮ್ಮ" ಎಂದರು. ಅಕ್ಕ ಕಚ್ಚಿದಳು. ಎದುರಿಗೆ ಹೊಸ ಮನುಷ್ಯ, ಮುಖದ ಮೇಲೆ ದೀಪ. ದವಡೆ ತಾನಾಗಿಯೇ ಮುಂದೆ ಬಂದಿತ್ತು. ನಾನು ಪಕ್ಕದಲ್ಲೇ ನಿಂತಿದ್ದೆ, ನನಗೂ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ.

ಆ ಮೇಣ ತೋರಿಸಿದಂತೆ ಮೇಲಿನ ಅಚ್ಚನ್ನೂ ಕೆಳಗಿನ ಅಚ್ಚನ್ನೂ ಜೋಡಿಸಿ ದೊಡ್ಡ ಊರಿಗೆ ಕಳಿಸಿದರು. ಅಲ್ಲಿ ಅವನ್ನು ಸ್ಕ್ಯಾನ್ ಮಾಡುವ ಯಂತ್ರವಿತ್ತಂತೆ. ಮುಂದಿನ ಸಲ ಕ್ಲಿಪ್ ಡಾಕ್ಟರು ಲ್ಯಾಪ್‌ಟಾಪ್ ತೆರೆದರು. ತುಟಿಯಿಲ್ಲದ, ಕೆನ್ನೆಯಿಲ್ಲದ ಎರಡು ಸಾಲು ಹಲ್ಲು ಬೂದು ಬಯಲಿನಲ್ಲಿ ತೇಲುತ್ತಿದ್ದವು.

"ಯಾರ ಬಾಯಿರಿ ಇದು?" ಅವ್ವ ಕೇಳಿದಳು.

"ನಿಮ್ಮ ಮಗಳದ್ದೇ ಅಮ್ಮ. ಈಗೆಲ್ಲ ಕಂಪ್ಯೂಟರೇ ಅಳತೆ ಮಾಡುತ್ತೆ. ಕಣ್ಣಳತೆಯಲ್ಲಿ ತಪ್ಪೋ ಕಾಲ ಹೋಯ್ತು." ಅವರು ಗುಂಡಿ ಒತ್ತಿದರು. ಮೇಲೆ ಎರಡು, ಕೆಳಗೆ ಎರಡು ಹಲ್ಲು ಮಾಯವಾದವು. ಉಳಿದವು ತಾವಾಗಿಯೇ ಸರಿದು, ಒಂದರ ಮೇಲೊಂದು ಸರಿಯಾಗಿ ಕೂತವು.

"ಇನ್ನೊಂದ್ಸಲ ತೋರಿಸ್ರಿ" ಎಂದಳು ಅಕ್ಕ.

ನಾಲ್ಕು ಹಲ್ಲು ಕಿತ್ತರು. ಎರಡು ವರ್ಷ ತಂತಿ; ಅಷ್ಟೂ ದಿನ ಡಾಕ್ಟರು ಕಚ್ಚೆಂದಾಗಲೆಲ್ಲ ದವಡೆ ಮುಂದೆಯೇ ಇರುತ್ತಿತ್ತು. ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ತಿಂದಳು. ತಂತಿ ಬಿಗಿಸಿಕೊಂಡು ಬಂದ ದಿನ ಅದೂ ಇಲ್ಲ, ಬರೀ ಗಂಜಿ.

ತಂತಿ ತೆಗೆದ ದಿನವನ್ನು ನಾನು ಮೂರು ರೀತಿ ಬರೆದಿದ್ದೇನೆ. ಒಂದರಲ್ಲಿ ಡಾಕ್ಟರು ರೇಗುತ್ತಾರೆ, ಒಂದರಲ್ಲಿ ಅಕ್ಕ ಅಳುತ್ತಾಳೆ. ಎರಡೂ ಸುಳ್ಳಿರಬೇಕು. ಮಾತು ಮಾತ್ರ ಮೂರರಲ್ಲೂ ಒಂದೇ ಇದೆ, ಅದಕ್ಕೇ ಅದನ್ನು ಇಟ್ಟುಕೊಳ್ಳುತ್ತೇನೆ.

"ಕಚ್ಚಮ್ಮ" ಎಂದರು ಕ್ಲಿಪ್ ಡಾಕ್ಟರು. ಕಚ್ಚಿದಳು. ಪರದೆಯಲ್ಲಿ ತೋರಿಸಿದ್ದಂತೆಯೇ, ಒಂದೆಳೆಯೂ ಆಚೀಚೆಯಿಲ್ಲದೆ, ಹಲ್ಲು ಕೂತಿದ್ದವು. ಡಾಕ್ಟರು ನಕ್ಕು ಕನ್ನಡಿ ಕೊಟ್ಟರು.

"ಡಾಕ್ಟ್ರೇ, ಈಗ ಬಿಡ್ಲೇನ್ರಿ?"

"ಏನನ್ನ?"

"ಗದ್ದ."

ಬಿಟ್ಟಳು. ಕೆಳದವಡೆ ಹಿಂದೆ ಸರಿದು ತನ್ನ ಜಾಗಕ್ಕೆ ಹೋಯಿತು. ಮೇಲಿನ ಸಾಲು ಮತ್ತೆ ಹೊರಗೆ ನಿಂತಿತು, ತುಟಿ ಬಿಟ್ಟುಕೊಂಡಿತು. ಮೇಣ ತೋರಿಸಿದ್ದನ್ನೇ ದವಡೆಯ ಜಾಗವೆಂದು ನಂಬಿ, ಎರಡು ಹಲ್ಲು ಕಿತ್ತು ಕೆಳಗಿನ ಸಾಲನ್ನೂ ಮೇಲಿನದರಷ್ಟೇ ಹಿಂದಕ್ಕೆ ಎಳೆದಿದ್ದರಿಂದ ನಡುವಿನ ಸಂದು ಕಡಿಮೆಯಾಗಿರಲಿಲ್ಲ.

ಡಾಕ್ಟರು ಪರದೆ ನೋಡಿದರು, ಮುಖ ನೋಡಿದರು, ಮತ್ತೆ ಪರದೆ ನೋಡಿದರು. ಆಮೇಲೆ ಸಣ್ಣ ದನಿಯಲ್ಲಿ, "ಅಚ್ಚು ತಗೊಳ್ಳುವಾಗ ದವಡೆ ಮುಂದೆ ಯಾಕಮ್ಮ ಮಾಡಿದೆ?" ಎಂದರು.

"ನಾ ಎಲ್ಲಿ ಮಾಡೀನ್ರಿ? ಅದು ಅಲ್ಲೇ ಇರ್ತಿತ್ತು."

ಇನ್ನು ದವಡೆಯ ಮೂಳೆ ಕೊಯ್ದು ಮುಂದೆ ತರುವ ಆಪರೇಷನ್ ಒಂದೇ ದಾರಿ, ಅದೂ ದೊಡ್ಡ ಆಸ್ಪತ್ರೆಯಲ್ಲಿ ಎಂದರು. ಕಿತ್ತ ಹಲ್ಲನ್ನು ಯಾರೂ ತಿರುಗಿ ಕೂರಿಸಲಾರರು. ಅವ್ವ ಸೆರಗನ್ನು ಬೆರಳಿಗೆ ಸುತ್ತಿಕೊಂಡು, "ಹಂಗ ಹಿಡಕೊಂಡಿದ್ರ ಚೆಂದ ಕಾಣ್ತೈತಲ್ಲವಾ" ಎಂದಳು. ಸಮಾಧಾನಕ್ಕೆ ಅಂದದ್ದು. ಅಕ್ಕ ಅವಳ ಕಡೆ ತಿರುಗಲೇ ಇಲ್ಲ.

ಕೊಟ್ಟೂರಿನ ಬಸ್ಸಿನಲ್ಲಿ ಅಕ್ಕನಿಗೆ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಬಿಸಿಲು ಜೋರಿತ್ತು, ಸ್ವಲ್ಪ ಹೊತ್ತಿಗೆ ನಿದ್ದೆ ಹೋದಳು. ನಿದ್ದೆಯಲ್ಲಿ ದವಡೆ ಹಿಂದೆ ಸರಿದು ಬಾಯಿ ತೆರೆದುಕೊಂಡಿತು. ಅಷ್ಟು ವರ್ಷಗಳಲ್ಲಿ ಅವಳ ಮುಖ ಹಾಗೆ ಸಡಿಲಾಗಿದ್ದನ್ನು ನಾನು ಕಂಡದ್ದೇ ಕಡಿಮೆ. ಎದುರು ಸೀಟಿನ ಹೆಂಗಸು ತಿರುಗಿ ನೋಡಿದಳು, ಪಕ್ಕದವಳಿಗೆ ಮೊಣಕೈಯಿಂದ ತಿವಿದಳು. ಬಸ್ಸು ಯಾವುದೋ ಕ್ರಾಸಿನಲ್ಲಿ ಜೋರಾಗಿ ಬ್ರೇಕ್ ಹಾಕಿತು. ಅಕ್ಕನಿಗೆ ಎಚ್ಚರವಾಯಿತು. ಕಣ್ಣು ಬಿಡುವ ಮೊದಲೇ ದವಡೆ ಮುಂದೆ ಬಂದಿತ್ತು.