ಖಾದರಭಾಯಿ ತಿಕ್ಕಿ ತೆಗೆದ ಗೀರು

ಮಕ್ಕಳೇ, ಬೀಗರೇ, ಭಾಲ್ಕಿಯ ಅಕ್ಕಾ, ಇವತ್ತು ಚಿದ್ರಿಯ ನನ್ನ ಗ್ಯಾರೇಜಿನಲ್ಲಿ ಒಂದು ಬೈಕಿನ ಹೆಡ್, ಅಂದರೆ ಎಂಜಿನ್ನಿನ ತಲೆಭಾಗ, ಬಲು ಚೆಂದವಾಗಿ ಕೆಟ್ಟುಹೋಯಿತು.

ಬೈಕು ಎಕಂಬಾದ ಶಿವರಾಜನದು. ದಿನಾ ಹಾಲಿನ ಕ್ಯಾನು ಹೇರಿಕೊಂಡು ಔರಾದಿಗೆ ಹೋಗುವವನು, ಗಾಡಿ ಭಾರ ಎಳೆಯುತ್ತಿಲ್ಲ ಎಂದಿದ್ದ. ಹೆಡ್ಡಿನೊಳಗೆ ಗಾಳಿ ಹೋಗುವ ದಾರಿಯ ಒರಟು ಅಂಚನ್ನಷ್ಟೇ ಅರದಿಂದ ಸವರಬೇಕಿತ್ತು. ನನ್ನ ಕೈ ಈಗ ನಡುಗುತ್ತದೆ. ಅದಕ್ಕೇ ನಿನ್ನೆ ಬಿದ್ರಿ ಕೆತ್ತನೆಯ ಗೆಳೆಯ ಖಾದರಭಾಯಿಗೆ ಕೊಟ್ಟೆ. ಇದರಾಚೆ ಸವರಬಾರದೆಂದು ಒಳಗೊಂದು ಗೀರು ಎಳೆದಿದ್ದೆ, ಹೇಳುವುದನ್ನು ಮರೆತೆ.

ಇವತ್ತು ತಂದರು. ದಾರಿ ಅಗಲವಾಗಿ ಕನ್ನಡಿಯಂತೆ ಹೊಳೆಯುತ್ತಿತ್ತು.

“ಗೀರೆಲ್ಲಿ ಭಾಯಿ?”

“ಒಂದ್ ಹೊಲಸು ಗೀರಿತ್ತು ನೋಡ್ರಿ, ತಿಕ್ಕಿ ತಗದ್ಬಿಟ್ಟೆ!”

ದಾರಿ ಅಗಲವಾದರೆ ಜೋರಾಗಿ ಓಡಿಸುವಾಗ ಗಾಳಿ ಹೆಚ್ಚು ಸಿಗುತ್ತದೆ. ನಿಧಾನವಾಗಿ ಹೋಗುವಾಗ ಗಾಳಿಯ ವೇಗವೇ ಸತ್ತು ಎಂಜಿನ್ ಮುಗ್ಗರಿಸುತ್ತದೆ. ಜೋಡಿಸಿ ನೋಡಿದರೆ ಹಾಗೇ ಆಯಿತು.

“ಜೋರ್ ಓಡ್ಸಪ್ಪಾ, ಹಾರ್ತದ,” ಎಂದರು ಖಾದರಭಾಯಿ.

ಶಿವರಾಜ ತಲೆ ಹಿಡಿದುಕೊಂಡ. “ಹಾಂಗ ಓಡಿಸಿದ್ರ ಔರಾದ ಮುಟ್ಟೂದ್ರಾಗ ಹಾಲು ಬೆಣ್ಣಿ ಆಗ್ತದ ಚಾಚಾ! ನಾಳಿ ಮುಂಜಾನಿ ಹಾಲು ಹ್ಯಾಂಗ ಒಯ್ಲಿ?”

ತಪ್ಪು ನನ್ನದೇ. ನನ್ನ ಬೈಕೂ ಅದೇ ಮಾಡೆಲ್. ಅದರ ಹೆಡ್ ಬಿಚ್ಚಿ ಅವನಿಗೆ ಹಾಕಿದೆ, ಹೊಳೆಯುವುದು ನನಗೆ ಬಂತು.

ಭಾಲ್ಕಿಯ ಅಕ್ಕಾ, ಮೆಲ್ಲಗೆ ಬಾ ಎಂದು ಇನ್ನು ಫೋನಿನಲ್ಲಿ ಹೇಳಬೇಡ. ಮೆಲ್ಲಗೆ ಹೊರಟರೆ ನನ್ನ ಗಾಡಿ ಚಿದ್ರಿಯನ್ನೇ ದಾಟುವುದಿಲ್ಲ.