ಏಳನೇ ದಿನದ ತೀರ್ಪು

ಅವ್ವ ತೀರಿಕೊಂಡ ಮೇಲೆ ವಾಡಿಯ ನಮ್ಮ ಕ್ವಾರ್ಟರ್ಸಿನ ಹಿತ್ತಲಲ್ಲಿ ಅವಳದೆಂದು ಉಳಿದಿದ್ದು ಕರಿಕೋಳಿಗಳು. ಮದುವೆಯಾಗಿ ಬರುವಾಗ ಐನಾಪುರದಿಂದ ಬುಟ್ಟಿಯಲ್ಲಿ ತಂದ ಕೋಳಿಯ ಸಂತಾನ ಅವು. ಕಳೆದ ಬೇಸಿಗೆಯಲ್ಲಿ ರೋಗ ಬಿದ್ದು ಒಂದೇ ವಾರದಲ್ಲಿ ಎಲ್ಲ ಸತ್ತವು. ಬದುಕಿದ್ದು ಒಂದು ಎಳೆ ಹುಂಜ ಮಾತ್ರ. ತಳಿ ಉಳಿಯುವುದಿದ್ದರೆ ಇನ್ನು ಅದರಿಂದಲೇ ಉಳಿಯಬೇಕಿತ್ತು.

ಮುಧೋಳದಿಂದ ಎರಡು ಹೇಂಟೆ ತಂದು ಜೊತೆಗೆ ಬಿಟ್ಟೆ. ನಾನು ಸಿಮೆಂಟ್ ಫ್ಯಾಕ್ಟರಿಯ ಲ್ಯಾಬಿನವನು. ಸಿಮೆಂಟಿನ ಗಟ್ಟಿಗಳನ್ನು ಒತ್ತಿ ಒಡೆದು, ಪಾಸೋ ಫೇಲೋ ಬರೆಯುವುದೇ ನನ್ನ ದುಡಿಮೆ. ಪರೀಕ್ಷೆ ಮಾಡದೆ ಏನನ್ನೂ ನಂಬುವ ಜಾಯಮಾನ ನನ್ನದಲ್ಲ. ಹುಂಜ ಕಸುವಿನದು ಎಂದು ಖಾತ್ರಿಯಾದ ಮೇಲೆಯೇ ತತ್ತಿ ಕಾವಿಗೆ ಇಡೋಣ ಎಂದುಕೊಂಡೆ. ದಿನಾ ಬೆಳಿಗ್ಗೆ ತತ್ತಿಯನ್ನು ತಾಟಿಗೆ ಒಡೆದು ನೋಡುತ್ತಿದ್ದೆ. ಹಳದಿಯ ಮೇಲಿನ ಬಿಳಿ ಚುಕ್ಕೆಯ ಸುತ್ತ ಉಂಗುರವಿದ್ದರೆ ಅದು ಮರಿಯಾಗುವ ತತ್ತಿ. ಏಳು ದಿನವೂ ಬರೀ ಚುಕ್ಕೆ.

ಅವ್ವನ ಗೆಳತಿಯಾಗಿದ್ದ ಪಕ್ಕದ ಮನೆಯ ಖಾಲಾ ಗೋಡೆಯಾಚೆಯಿಂದ ನೋಡಿದಳು.

“ಅದಿನ್ನಾ ನೆಟ್ಟಗ ಕೂಗ್ಲಿಕ್ಕೂ ಕಲ್ತಿಲ್ಲ ಬೇಟಾ. ಹದಿನೈದು ದಿನ ತಡಿ. ಯಾಕ ಇಷ್ಟ ಅವಸರ ಮಾಡ್ಲಿಕತ್ತಿ?”

“ಇದರಿಂದ ಏನೂ ಆಗಂಗಿಲ್ಲ ಖಾಲಾ,” ಎಂದೆ.

ನನಗೆ ಹುಂಜದ ಮೇಲೆ ಸಿಟ್ಟು ಬಂದಿತ್ತು. ಅವ್ವನದೆಲ್ಲ ಹೋಯಿತು, ಇದೂ ಕೈಕೊಟ್ಟಿತು ಅನ್ನುವ ಸಿಟ್ಟು. ಆ ಭಾನುವಾರ ಶಹಾಬಾದಿನಿಂದ ಹೆಂಡತಿಯ ಅಣ್ಣ ಬಂದ. ಹುಂಜವನ್ನು ಕೊಯ್ಯಿಸಿಬಿಟ್ಟೆ.

ಮಂಗಳವಾರ ಹೆಂಡತಿ ಆಮ್ಲೆಟಿಗೆಂದು ತತ್ತಿ ಒಡೆದವಳು ನನ್ನನ್ನು ಕರೆದಳು. “ಇಲ್ಲಿ ನೋಡ್ರಿ, ಇದರಾಗ ಉಂಗುರ ಕಾಣ್ಲಿಕತ್ತದ.”

ಬಟ್ಟಲು ಹಿಡಿದು ಬಾಗಿಲ ಬೆಳಕಿಗೆ ಬಂದೆ. ಚುಕ್ಕೆಯ ಸುತ್ತ ದುಂಡಗಿನ, ಸ್ಪಷ್ಟವಾದ ಉಂಗುರ. ಒಡೆದ ತತ್ತಿಯನ್ನು ಮತ್ತೆ ಕೂಡಿಸುವವರು ಯಾರು? ಏಳನೇ ದಿನಕ್ಕೆ ಬಲ ಸಾಲದ ಸಿಮೆಂಟನ್ನು ಕೂಡ ನಾವು ಎಸೆಯುವುದಿಲ್ಲ. ಅದರ ಉಳಿದ ಗಟ್ಟಿಗಳನ್ನು ಇಪ್ಪತ್ತೆಂಟನೇ ದಿನದವರೆಗೆ ನೀರಿನಲ್ಲಿಟ್ಟು ಕಾಯುತ್ತೇವೆ. ತಾಳಿದವನು ಬಾಳಿಯಾನು ಎಂದು ಹೊಸಬರಿಗೆ ಉಪದೇಶ ಮಾಡುವವನೂ ನಾನೇ. ಕಲ್ಲಿನ ಪುಡಿಗೆ ಕೊಟ್ಟಷ್ಟು ವಾಯಿದೆಯನ್ನು ಅವ್ವನ ಹುಂಜಕ್ಕೆ ಕೊಡಲಿಲ್ಲ.

ಹುಂಜ ಹೋದ ಮೇಲೂ ಕೆಲವು ದಿನ ಹೇಂಟೆಯಲ್ಲಿ ಅದರ ಬೀಜ ಉಳಿದಿರುತ್ತದೆ ಎಂದಳು ಖಾಲಾ. ಆಮೇಲೆ ಸಿಕ್ಕ ಮೂರು ತತ್ತಿಗಳನ್ನು ಕಾವು ಕೂತಿದ್ದ ಅವಳ ಕೋಳಿಯ ಕೆಳಗೆ ಇಟ್ಟೆವು. ಹತ್ತು ದಿನ ನಾನು ಆ ಕಡೆ ಹಾಯಲಿಲ್ಲ. ಹನ್ನೊಂದನೇ ದಿನ ಖಾಲಾ ನನ್ನನ್ನು ಕರೆದು ಬಾಗಿಲು ಮುಚ್ಚಿ, ಮೊಬೈಲಿನ ಬೆಳಕಿಗೆ ಒಂದೊಂದನ್ನೇ ಹಿಡಿದಳು. ಮೂರರೊಳಗೂ ಬೆಳಕು ತಡೆಯಿಲ್ಲದೆ ಹಾಯಿತು. ಮರಿ ಕಟ್ಟಿದ್ದರೆ ಕಾಣಬೇಕಾದ ಒಂದು ನರದ ಗೆರೆಯೂ ಇಲ್ಲ.

ಖಾಲಾ ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. “ನಿಮ್ಮವ್ವ ಯಾವತ್ತೂ ಒಡದು ನೋಡ್ತಿರಲಿಲ್ಲಪ್ಪ,” ಎಂದಳು. “ಕಾವಿಗಿ ಇಡ್ತಿದ್ಳು. ಆದ್ರ ಆದ್ವು, ಇಲ್ಲಂದ್ರ ಇಲ್ಲ.”

ಹಿತ್ತಲಿಗೆ ಬಂದು ಕೋಳಿ ಮುಚ್ಚುವ ಬುಟ್ಟಿಯ ಪಕ್ಕ ಕುಳಿತೆ. ಆ ಭಾನುವಾರದ ಊಟ ನೆನಪಾಯಿತು. ಎಳೆ ಹುಂಜ, ಸಾರು ಭಾಳ ರುಚಿಯಾಗಿದೆ ಎಂದು ನಾನು ಎರಡನೇ ಸಲ ಹಾಕಿಸಿಕೊಂಡಿದ್ದೆ.